ಮೂರು ಕೊಕ್ಕರೆ ಕಂಪನಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಕೋಟು. ಅದೂ ಸ್ವಂತದ್ದಲ್ಲ, ಬಾಡಿಗೆಯದು. ಅದನ್ನು ತೊಟ್ಟು ತೆಗೆಸಿಕೊಂಡ ಫೋಟೊದಲ್ಲಿ ನಮ್ಮ ಗಾಯಕ ಕುತ್ತಿಗೆಯಿಂದ ಕೆಳಗೆ ಮಂತ್ರಿಯ ಹಾಗೆಯೂ, ಕುತ್ತಿಗೆಯಿಂದ ಮೇಲೆ ಮಂತ್ರಿಗೆ ಅರ್ಜಿ ಕೊಡಲು ಬಂದವನ ಹಾಗೆಯೂ ಕಾಣುತ್ತಿದ್ದ. ಆದರೂ ಅವನ ಕಣ್ಣಿಗೆ ಆ ಫೋಟೊ ಬಲು ಚೆಂದ. ಇಂಥ ಫೋಟೊ ಇಟ್ಟುಕೊಂಡು ಅದನ್ನು ತನ್ನ ಹಾಡಿನ ಜೊತೆ ಹಾಕದೆ ಬಿಡುವುದುಂಟೆ ಎಂದು ಗುರುವಾರ ಸಂಜೆ ಅವನಿಗೆ ಅನ್ನಿಸಿತು. ಅನ್ನಿಸಿದ್ದೇ ತಪ್ಪಾಯಿತು.

ಗಾಯಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಚೇಷ್ಟೆ. ಹೊಟ್ಟೆಪಾಡಿಗೆ ಅವನು ಹಾಸಿಗೆ ಅಂಗಡಿಯಲ್ಲಿ ಮಾರಾಟಗಾರ. ಬಂದವರನ್ನು ಮಲಗಿಸಿ, ಹೊರಳಿಸಿ, ಎಬ್ಬಿಸಿ, ಬಿಲ್ಲು ಹರಿದು ಕಳಿಸುವುದು ಅವನ ಕೆಲಸ. ಅಂಗಡಿಯ ಹಿಂದಿನ ಗೋಡೌನಿನಲ್ಲಿ ನಾಲ್ಕೂ ಗೋಡೆಗೆ ಹಾಸಿಗೆಗಳನ್ನು ನಿಲ್ಲಿಸಿರುತ್ತಿದ್ದರಿಂದ ಅಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಸದ್ದು ಅಲ್ಲೇ ಸಾಯುತ್ತಿತ್ತು. ಸ್ಟುಡಿಯೊಗಳಿಗೆ ದುಡ್ಡು ಸುರಿಯುವ ದೊಡ್ಡ ಗಾಯಕರಿಗೆ ಈ ಗುಟ್ಟು ಗೊತ್ತಿಲ್ಲ. ಊಟದ ವಿರಾಮದಲ್ಲಿ ಅಲ್ಲಿ ನಿಂತು ಹಾಡಿ ಹಾಡಿ, ಮೂರು ವರ್ಷ ತಿದ್ದಿ ತೀಡಿ ಅವನು ಒಂದು ಹಾಡು ಮಾಡಿದ್ದ. ‘ನಿದ್ದೆಯೇ, ನಿನ್ನ ಮನೆ ಯಾವ ಬೀದಿ’ ಎಂದು ಅದು ಶುರುವಾಗುತ್ತಿತ್ತು. ನಿಜ ಹೇಳಬೇಕೆಂದರೆ ಹಾಡು ಚೆನ್ನಾಗಿಯೇ ಇತ್ತು. ಈ ಕತೆಯಲ್ಲಿ ನಗಬಾರದ ವಿಷಯ ಅದೊಂದೇ.

ಹಾಡನ್ನು ಲೋಕಕ್ಕೆ ಬಿಡುವ ದಾರಿ ತೋರಿಸಿದವನು ಹೆಂಡತಿಯ ತಮ್ಮ. ಸಂಗೀತದ ವ್ಯಾಪಾರವನ್ನೆಲ್ಲ ಅವನು ಫೋನಿನಲ್ಲೇ ನೋಡಿ ಕಲಿತಿದ್ದ, ಹಾಡು ಮಾತ್ರ ಒಂದೂ ಪೂರ್ತಿ ಕೇಳಿದವನಲ್ಲ.

“ಸ್ವತಂತ್ರ ಕಲಾವಿದ ಅಂದ್ರೆ ಏನ್ ಗೊತ್ತಾ ಭಾವ? ಹಾಡೋರೂ ನೀವೇ, ಮಾರೋರೂ ನೀವೇ, ಕಳ್ಳರಿಂದ ಕಾಯೋರೂ ನೀವೇ.”

“ಕೇಳೋರು?”

“ಅದನ್ನ ಆಮೇಲೆ ನೋಡ್ಕೊಳ್ಳೋಣ.”

ಇಂಟರ್‌ನೆಟ್ಟಿನಲ್ಲಿ ಒಂದು ಏಜೆನ್ಸಿ ಇದೆಯಂತೆ. ಅದಕ್ಕೆ ಹಾಡು ಒಪ್ಪಿಸಿದರೆ ಸಾಕು, ಎಲ್ಲ ಕಡೆಗೂ ಅದೇ ಹಂಚುತ್ತದಂತೆ, ಯಾರಾದರೂ ಕದ್ದರೆ ಅದೇ ಹಿಡಿಯುತ್ತದಂತೆ. ಒಪ್ಪಿಸುವ ದಿನ ಏಜೆನ್ಸಿ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿರಲಿಲ್ಲ. ಗಾಯಕ ಬಟ್ಟೆಯ ಬೀರುವಿನೊಳಗೆ ತಲೆ ತೂರಿಸಿ ಕೊನೆಯ ಸಾಲನ್ನು ಇನ್ನೊಮ್ಮೆ ಹಾಡುತ್ತಿದ್ದ. ಹೆಂಡತಿ ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, “ರೀ, ಅದಕ್ಕೊಂದು ಹೆಸರು ಕೇಳತ್ತೆ, ಇದಕ್ಕೊಂದು ಹೆಸರು ಕೇಳತ್ತೆ, ಏನ್ ಹಾಕ್ಲಿ?” ಎಂದು ಕೂಗುತ್ತಿದ್ದಳು. “ನಿಂಗೆ ತೋಚಿದ್ದು ಹಾಕು, ಈಗ ನನ್ನ ಶ್ರುತಿ ಕೆಡಿಸ್ಬೇಡ” ಎಂದು ಬೀರುವಿನೊಳಗಿಂದ ಉತ್ತರ ಬರುತ್ತಿತ್ತು. ಹಾಗೆ ಹಾಡು ಬಿಡುಗಡೆಯಾಯಿತು.

ಕೇಳಿದವರು ನೆಂಟರು, ನೆರೆಯವರು ಮತ್ತು ಅವನೇ. ಬೇಸರವಾಗುತ್ತಿತ್ತು. ತನ್ನ ಮುಖ ಕಾಣದ, ದಾಕ್ಷಿಣ್ಯವಿಲ್ಲದ ಒಬ್ಬರೇ ಒಬ್ಬರು ಈ ಹಾಡು ಕೇಳಿ ತಲೆದೂಗಿದರೆ ಸಾಕೆಂದು ಅವನು ಆಸೆಪಡುತ್ತಿದ್ದ. ಆ ಒಬ್ಬರು ಈ ವಾರ ಅಂಗಡಿಗೆ ಬಂದಿದ್ದರು. ಹಾಸಿಗೆ ಪರೀಕ್ಷೆಗೆಂದು ಮಲಗಿದ ಮೇಡಂ ಒಬ್ಬರು, ಅಂಗಡಿಯ ಸ್ಪೀಕರಿನಲ್ಲಿ ಅವನು ಕದ್ದುಮುಚ್ಚಿ ಹಾಕಿದ್ದ ಹಾಡನ್ನು ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿ, “ಯಾರದಿದು?” ಎಂದರು. ಅವರು ಸಣ್ಣ ಸಣ್ಣ ಸಿನಿಮಾ ತೆಗೆಯುವವರು. ನಿದ್ದೆ ಬಾರದ ಮುದುಕನೊಬ್ಬನ ಸಿನಿಮಾ ಮುಗಿಸುತ್ತಿದ್ದರಂತೆ, ಕೊನೆಯ ದೃಶ್ಯಕ್ಕೆ ಹಾಡು ಸಿಕ್ಕಿರಲಿಲ್ಲವಂತೆ.

“ಲಿಂಕ್ ಕಳ್ಸಿ. ಶುಕ್ರವಾರ ಸಂಜೆ ಆರಕ್ಕೆ ನನ್ನ ಸಿನಿಮಾ ಫೆಸ್ಟಿವಲ್‌ಗೆ ಹೋಗ್ಬೇಕು. ಆದ್ರೆ ಒಂದ್ ಮಾತು, ಹಾಡಿನ ಮೇಲೆ ಯಾರ ತಕರಾರೂ ಇರಬಾರದು. ಇದ್ರೆ ನಂಗೆ ಬೇಡ.”

ಇದ್ದ ಲಿಂಕನ್ನು ಕಳಿಸಿದ್ದರೆ ಆಗುತ್ತಿತ್ತು. ಅದರಲ್ಲಿ ಬರೀ ಚಂದ್ರನ ಚಿತ್ರ. ಸಿನಿಮಾದವರು ತನ್ನ ಮುಖವನ್ನೂ ನೋಡಲಿ ಎಂದು ಗಾಯಕ ಕೋಟಿನ ಫೋಟೊಗೆ ಹಾಡು ಸೇರಿಸಿ, ಹೊಸದೊಂದು ವಿಡಿಯೊ ಮಾಡಿ ಇಂಟರ್‌ನೆಟ್ಟಿಗೆ ಏರಿಸಿ, ಅದರ ಲಿಂಕು ಕಳಿಸಿ ಹಾಯಾಗಿ ಮಲಗಿದ.

ಶುಕ್ರವಾರ ಬೆಳಗ್ಗೆ ಊಟದ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಓದಿದ. ಮತ್ತೆ ಓದಿದ. ಮೆಟ್ಟಿಲ ಮೇಲೆಯೇ ಕುಳಿತ. ‘ಈ ಹಾಡು ಮೂರು ಕೊಕ್ಕರೆ ಮ್ಯೂಸಿಕ್ ಕಂಪನಿಗೆ ಸೇರಿದ್ದು. ಕಂಪನಿಯ ಹಕ್ಕಿನ ಮೇರೆಗೆ ನಿಮ್ಮ ವಿಡಿಯೊವನ್ನು ತಡೆಹಿಡಿಯಲಾಗಿದೆ.’

ಹೆಂಡತಿಗೆ ಫೋನು ಮಾಡಿದ. ಅವಳು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸಕ್ಕಿದ್ದಳು. ಒಳಗೆ ಹೋಗುವಾಗ ಫೋನನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಹೋಗಬೇಕು. ರಿಂಗಾಗಿ ರಿಂಗಾಗಿ ನಿಂತಿತು.

“ಏನಯ್ಯಾ ಗಾಯಕ, ಎದ್ದು ದಾರಿ ಬಿಡ್ತೀಯೋ, ಇಲ್ಲಾ ನಿನ್ನ ದಾಟ್ಕೊಂಡು ಹೋಗ್ಬೇಕೋ?” ಎಂದು ಮೇಲಿನಿಂದ ದನಿ ಬಂತು. ಮಹಡಿಯ ಮೇಲಿನ ಕೋರ್ಟು ಮಾವ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಿವೃತ್ತರಾದ ಮೇಲೆ ಯಾರ ಮನೆಯಲ್ಲೂ ಒಂದು ವ್ಯಾಜ್ಯ ಹುಟ್ಟಲಿಲ್ಲವೆಂಬ ಕೊರಗು ಅವರಿಗೆ. ಗಾಯಕನ ಫೋನನ್ನು ಕಿತ್ತುಕೊಂಡು, ಕನ್ನಡಕವನ್ನು ಅವನ ಕೈಚೀಲದ ಅಂಚಿನಿಂದಲೇ ಒರೆಸಿಕೊಂಡು ಓದಿದರು. ಅವರ ಮುಖ ಮದುವಣಿಗನ ಮುಖದಂತೆ ಅರಳಿತು.

“ಇದು ಕಳ್ಳತನ. ಶುದ್ಧ ಕಳ್ಳತನ. ಈ ಮೂರು ಕೊಕ್ಕರೆಯವರು ನಂಗೆ ಗೊತ್ತು.”

“ಗೊತ್ತಾ ಮಾವ?”

“ಗೊತ್ತಿಲ್ದೆ ಏನು! ನಮ್ಮ ಕೋರ್ಟಲ್ಲಿ ಎಷ್ಟು ಕೇಸು ನಡೀತು ಅವರ ಮೇಲೆ. ದೊಡ್ಡ ತಿಮಿಂಗಿಲಗಳು.”

“ಮೇಡಂಗೆ ಒಂದು ಫೋನ್ ಮಾಡಿ ಹೇಳಿಬಿಡ್ಲಾ?”

“ತಕರಾರು ಇದೆ ಅಂತ ನೀನೇ ಹೋಗಿ ಡಂಗುರ ಹೊಡೀತೀಯಾ? ಬಾಯಿ ಮುಚ್ಕೊಂಡು ನಡಿ. ಆರು ಗಂಟೆ ಒಳಗೆ ಬಿಡಿಸೋಣ.”

ಪೇಟೆಗೆ ಹೊರಟಿದ್ದ ಕೋರ್ಟು ಮಾವ ಪೇಟೆ ಮರೆತು ಗಾಯಕನ ಜೊತೆ ಹಾಸಿಗೆ ಅಂಗಡಿಗೇ ಬಂದರು.

ಅಂಗಡಿಯ ಯಜಮಾನರಿಗೆ ಗಾಯಕನ ಹಾಡೆಂದರೆ ಅಷ್ಟಕ್ಕಷ್ಟೆ, ಆದರೆ ತನ್ನ ಗೋಡೌನಿನಲ್ಲಿ ಹುಟ್ಟಿದ ಹಾಡನ್ನು ಹೊರಗಿನವರು ಹೊಡೆದುಕೊಂಡರೆಂದಾಗ ಅವರ ಮೀಸೆ ನೆಟ್ಟಗಾಯಿತು. ತನ್ನ ಹಾಸಿಗೆ ಕದ್ದರೆ ಎಷ್ಟು ಸಿಟ್ಟು ಬರುತ್ತಿತ್ತೋ ಅಷ್ಟೇ ಸಿಟ್ಟು.

“ಮೂರು ಕೊಕ್ಕರೆನಾ? ಅವರ ಬಿಲ್ಡಿಂಗ್ ನೋಡಿದೀನಿ ನಾನು. ಪೂರ್ತಿ ಗಾಜು. ಬಾಗಿಲಲ್ಲಿ ಮೂರು ಕೊಕ್ಕರೆ ಬೊಂಬೆ ನಿಲ್ಸಿದಾರೆ, ಬೆಳ್ಳೀದು!”

“ಯಜಮಾನ್ರೇ, ಬಾಯಲ್ಲಿ ಮೀನಿತ್ತಾ?” ಎಂದು ಹಾಸಿಗೆಯ ಮೇಲೆ ಮಲಗಿದ್ದ ಗಿರಾಕಿಯೊಬ್ಬ ಕೇಳಿದ.

“ಇತ್ತು ಅನ್ಸತ್ತೆ,” ಎಂದರು ಯಜಮಾನರು ಗಂಭೀರವಾಗಿ.

ಸುದ್ದಿ ತಿಳಿದು ಭಾವಮೈದ ಓಡಿ ಬಂದ. ಬಂದವನೇ ಇಂಥದ್ದಕ್ಕೇ ಕಾಯುತ್ತಿದ್ದವನಂತೆ ತೋಳು ಮೇಲೇರಿಸಿದ. “ಭಾವ, ಇದು ಮ್ಯೂಸಿಕ್ ಇಂಡಸ್ಟ್ರಿಯ ಮಾಮೂಲಿ ಆಟ. ಸ್ವತಂತ್ರ ಕಲಾವಿದ ಬೆಳೀತಾನೆ ಅಂದ್ರೆ ದೊಡ್ಡ ಕಂಪನಿಗಳಿಗೆ ಹೊಟ್ಟೆ ಉರಿ. ನಿಮ್ಮ ಮೇಲೆ ಕಣ್ಣು ಬಿದ್ದಿದೆ ಅಂದ್ರೆ ನೀವು ಬೆಳೆದ್ರಿ ಅಂತ ಅರ್ಥ!”

ದೊಡ್ಡ ಕಂಪನಿಯೊಂದು ತನ್ನ ಮೇಲೆ ಹೊಟ್ಟೆ ಉರಿದುಕೊಳ್ಳುತ್ತಿದೆ ಎಂಬುದು ಗಾಯಕನಿಗೆ ಆ ಬೆಳಗ್ಗೆ ಮೊದಲ ಬಾರಿ ಸ್ವಲ್ಪ ಸಮಾಧಾನ ಕೊಟ್ಟಿತು. ಅಷ್ಟರಲ್ಲೇ ಆರು ಗಂಟೆಯ ನೆನಪಾಗಿ ಗೋಡೆಯ ಗಡಿಯಾರ ನೋಡಿದ.

“ಒಬ್ರು ದೂರು ಕೊಟ್ರೆ ಆ ಏಜೆನ್ಸಿ ಕಣ್ಣೆತ್ತಿ ನೋಡಲ್ಲ,” ಎಂದ ಭಾವಮೈದ. “ಅಲ್ಲಿ ಕೂತಿರೋದು ಮನುಷ್ಯರಲ್ಲ, ಯಂತ್ರ. ಒಂದೇ ದೂರು ಹತ್ತಾರು ಕಡೆಯಿಂದ ಹೋಗ್ಬೇಕು. ಆಗ ಯಂತ್ರ ಹೆದರತ್ತೆ.”

ಕೋರ್ಟು ಮಾವ ಎರಡು ಪದರದ ಸ್ಪ್ರಿಂಗ್ ಹಾಸಿಗೆಯೊಂದರ ಮೇಲೆ ಕಾಲು ಮಡಿಸಿ ಕುಳಿತು, ಗಾಯಕನ ಕೈಚೀಲವನ್ನು ಮೊಣಕೈಗೆ ಒತ್ತು ಕೊಟ್ಟುಕೊಂಡು ದೂರು ಹೇಳತೊಡಗಿದರು. ಭಾವಮೈದ ಫೋನಿನಲ್ಲಿ ಬರೆದುಕೊಂಡ.

“ಬರಿ. ಸದರಿ ಕೊಕ್ಕರೆಗಳು ದುರುದ್ದೇಶದಿಂದ, ಅಮಾಯಕನೂ ಸಾಧುವೂ ಆದ ಗಾಯಕನ ಹಾಡನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹೋಗಿದ್ದು...”

“ಕೊಕ್ಕು ಬೇಕಾ ಮಾವ?”

“ಕೊಕ್ಕಿಲ್ದೆ ಕೊಕ್ಕರೆ ಹೇಗಾಗತ್ತೆ? ಬರಿ. ಸದರಿ ಕಂಪನಿ ನಕಲಿ. ಅದರ ಮಾಲೀಕರು ವಂಚಕರು, ಹಳೇ ಖದೀಮರು. ಅವರ ಖಾತೆ ಮುಚ್ಚಿ ನ್ಯಾಯ ಒದಗಿಸಬೇಕು.”

“ಮಾವ, ಮಾಲೀಕರು ಯಾರು ಅಂತ ನಮಗೆ ಗೊತ್ತಿಲ್ವಲ್ಲ, ಖದೀಮರು ಅನ್ಬಹುದಾ?” ಎಂದ ಗಾಯಕ ಮೆಲ್ಲಗೆ.

“ಇನ್ನೊಬ್ಬನ ಹಾಡು ತನ್ನದು ಅನ್ನೋನು ಖದೀಮ ಅಲ್ದೆ ಇನ್ನೇನು? ನಿನ್ನ ಸಾಧುತನದಿಂದಲೇ ನೀನು ಹಾಳಾದೆ.”

ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದಾಗ ಗಾಯಕನ ಫೋನು ರಿಂಗಾಯಿತು. ಗುರುತಿಲ್ಲದ ನಂಬರು. “ಎತ್ಬೇಡಿ ಭಾವ! ಬೆದರಿಸೋಕೆ ಮಾಡಿರ್ತಾರೆ,” ಎಂದ ಭಾವಮೈದ. ಅದು ಬಿಡದೆ ರಿಂಗಾಯಿತು. ಬೆದರಿಕೆಗೆಲ್ಲ ಬಗ್ಗುವವನಲ್ಲ ಎಂದು ತೋರಿಸಲು ಯಜಮಾನರೇ ಅದನ್ನು ಎತ್ತಿದರು. ಆ ಕಡೆಯಿಂದ ನಗುನಗುತ್ತಾ ಒಂದು ಹೆಣ್ಣು ದನಿ, “ಹಲೋ, ನಾನು ಮೂರು ಕೊಕ್ಕರೆ ಕಂಪನಿ ಓನರು ಮಾತಾಡ್ತಿರೋದು” ಎಂದಿತು.

ಯಜಮಾನರು ಎದ್ದು ನಿಂತರು. “ಓನರಾ! ಎಷ್ಟು ಧೈರ್ಯ ಕಣಮ್ಮ ನಿಂಗೆ! ಕಳ್ಳಿ! ಬಡವನ ಹಾಡು ಕದ್ದು ನಗ್ತಾ ಬೇರೆ ಇದೀಯಾ? ನಿನ್ನ ಮೂರು ಕೊಕ್ಕರೆಯ ಆರೂ ಕಾಲು ಮುರಿದು ಕೈಗೆ ಕೊಡ್ತೀನಿ, ಇಡು ಫೋನು!”

ಅವರೇ ಫೋನು ಇಟ್ಟರು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮತ್ತೆ ಅದೇ ನಂಬರು ಬಂದಾಗ ಭಾವಮೈದ ಅದು ಇನ್ನು ರಿಂಗೇ ಆಗದಂತೆ ಮಾಡಿಟ್ಟ. ಗಾಯಕ ಮಾತ್ರ ಡಬ್ಬಿಯನ್ನು ಹಾಗೇ ಮುಚ್ಚಿಟ್ಟ. ಅಷ್ಟು ದೊಡ್ಡ ಕಂಪನಿಯ ಒಡತಿ ಖುದ್ದು ಫೋನು ಮಾಡಿದ್ದಾಳೆಂದರೆ ಹಾಡು ಎಷ್ಟು ಬೆಲೆಯದೋ ಎಂಬ ಯೋಚನೆ ಒಂದು ಕಡೆ, ಅದು ಕೈಬಿಟ್ಟು ಹೋಗುತ್ತಿದೆಯಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಊಟ ಮುಗಿದ ಮೇಲೆ ದೂರು ಹೊರಟಿತು. ಮೊದಲು ಗಾಯಕನ ಫೋನಿನಿಂದ, ಆಮೇಲೆ ಯಜಮಾನರ, ಕೋರ್ಟು ಮಾವನ, ಭಾವಮೈದನ ಹಾಗೂ ಅವನ ಗೆಳೆಯರ ಫೋನಿನಿಂದ. ಹಾಸಿಗೆ ನೋಡಲು ಬಂದ ಗಿರಾಕಿಗಳನ್ನೂ ಯಜಮಾನರು ಬಿಡಲಿಲ್ಲ. “ಮೊದಲು ಒಂದು ದೂರು ಒತ್ತಿ, ಆಮೇಲೆ ಮಲಗಿ ನೋಡಿ, ರೇಟಲ್ಲಿ ನೋಡ್ಕೊಂಡು ಮಾಡಿಕೊಡ್ತೀನಿ” ಎಂದು ಬಾಗಿಲಲ್ಲೇ ಹೇಳಿದರು. ಆ ದಿನದಷ್ಟು ವ್ಯಾಪಾರ ಅಂಗಡಿಯಲ್ಲಿ ಹಿಂದೆಂದೂ ಆಗಿರಲಿಲ್ಲ.

ನಾಲ್ಕೂವರೆಗೆ ಗಾಯಕನ ಫೋನು ಗುಂಯ್‌ಗುಟ್ಟಿತು. ಕೋರ್ಟು ಮಾವ ತೀರ್ಪು ಓದುವ ಗತ್ತಿನಲ್ಲಿ ಓದಿದರು: ‘ನಿಮ್ಮ ದೂರುಗಳನ್ನು ಪರಿಶೀಲಿಸಲಾಗಿದೆ. ವಂಚನೆಯ ಆರೋಪದ ಮೇಲೆ ಮೂರು ಕೊಕ್ಕರೆ ಮ್ಯೂಸಿಕ್ ಕಂಪನಿಯ ಖಾತೆಯನ್ನು ಮುಚ್ಚಲಾಗಿದೆ.’ ಕೆಳಗೆ ಇನ್ನೂ ಎರಡು ಸಾಲಿದ್ದವು. ಅವನ್ನು ಓದುವಷ್ಟು ವ್ಯವಧಾನ ಅಲ್ಲಿ ಯಾರಿಗಿತ್ತು? ಯಜಮಾನರು ಗಾಯಕನನ್ನು ಎತ್ತಿ ಹಾಸಿಗೆಯ ಮೇಲೆ ಎಸೆದರು. ಸ್ಪ್ರಿಂಗು ಚೆನ್ನಾಗಿದ್ದುದರಿಂದ ಅವನು ಪುಟಿದು ಅವರ ಕೈಗೇ ಬಂದ.

ಐದೂವರೆಗೆಲ್ಲ ಮೆರವಣಿಗೆಯಂತೆ ಎಲ್ಲರೂ ಗಾಯಕನ ಮನೆಗೆ ಬಂದರು. ಅಂಗಡಿಯನ್ನು ಎಂದೂ ಬೇಗ ಮುಚ್ಚದ ಯಜಮಾನರೂ ಮುಚ್ಚಿ ಬಂದರು. ಗಾಯಕ ಕೈಚೀಲವನ್ನು ಮೊಳೆಗೆ ನೇತುಹಾಕಿ ನಡುಮನೆಯಲ್ಲಿ ಕುಳಿತ. ಬೀದಿಯ ಜನ ಬಂದು ಕೈ ಕುಲುಕಿ ಹೋಗುತ್ತಿದ್ದರು. ಒಂದು ಇಡೀ ಕಂಪನಿಯನ್ನು ಒಂದೇ ದಿನದಲ್ಲಿ ಮುಚ್ಚಿಸಿದ ಗಾಯಕ ಈ ಬೀದಿಯಲ್ಲಿ ಹಿಂದೆ ಇರಲಿಲ್ಲ. ಅವನಿಗೂ ಎದೆ ಉಬ್ಬಿತು. ಇನ್ನೇನು ಮೇಡಂ ಫೋನು ಮಾಡುತ್ತಾರೆ, ಹಾಡು ಸಿನಿಮಾ ಸೇರುತ್ತದೆ, ಎಲ್ಲೋ ಕತ್ತಲೆಯ ಚಿತ್ರಮಂದಿರದಲ್ಲಿ ತನ್ನನ್ನು ಕಂಡೇ ಇರದ ಜನ ಅದನ್ನು ಕೇಳುತ್ತಾರೆ ಎಂದು ನೆನೆದು ಕಣ್ಣು ತುಂಬಿ ಬಂತು.

ಆಗ ಹೆಂಡತಿ ಬಂದಳು. ಗುಂಪು ನೋಡಿ ಬಾಗಿಲಲ್ಲೇ ನಿಂತಳು. ಅವಳ ಮುಖದಲ್ಲಿ ಖುಷಿ, ಸಿಟ್ಟು ಎರಡೂ ಒಟ್ಟಿಗೆ ಇದ್ದವು.

“ರೀ, ಸ್ವಲ್ಪ ಅಡುಗೆಮನೆಗೆ ಬನ್ನಿ.”

ಅಡುಗೆಮನೆಯಲ್ಲಿ ಅವಳು ದನಿ ತಗ್ಗಿಸಿ ಕೇಳಿದಳು. “ಮಧ್ಯಾಹ್ನ ನಿಮ್ಮ ಫೋನ್ ಎತ್ತಿದ್ದು ಯಾರು? ಬಾಯಿಗೆ ಬಂದ ಹಾಗೆ ಬೈದ್ರಲ್ಲ! ನನ್ನ ಫೋನಲ್ಲಿ ಚಾರ್ಜ್ ಮುಗಿದಿತ್ತು ಅಂತ ಆಫೀಸ್ ಫೋನಿಂದ ಮಾಡಿದ್ದೆ. ಒಂದು ತಮಾಷೆ ಮಾಡೋಣ ಅಂತ ಕಂಪನಿ ಓನರು ಅಂದೆ, ಅಷ್ಟಕ್ಕೇ ಕಳ್ಳಿ ಅನ್ನೋದಾ?”

“ನೀನು... ಯಾವ ಕಂಪನಿ ಓನರು?” ಎಂದ ಗಾಯಕ.

“ಇನ್ಯಾವುದು? ಮೂರು ಕೊಕ್ಕರೆ. ಹಾಡು ಬಿಡೋ ದಿನ ಕಂಪನಿ ಹೆಸರು ಕೇಳ್ತು. ಏನ್ ಹಾಕ್ಲಿ ಅಂದ್ರೆ ತೋಚಿದ್ದು ಹಾಕು ಅಂದ್ರಿ. ಎದುರಿಗೆ ಅಕ್ಕಿ ಚೀಲ ಇತ್ತು, ಅದ್ರ ಮೇಲಿದ್ದ ಹೆಸರು ಹಾಕ್ದೆ. ಕದ್ದೋರನ್ನ ಹಿಡೀಬೇಕಾ ಅಂತಾನೂ ಕೇಳ್ತು, ಹೂಂ ಅಂದೆ. ನೀವು ಆ ಕೋಟಿನ ಫೋಟೊ ಹಾಕಿ ಇನ್ನೊಂದು ಬಿಟ್ರಲ್ಲ, ಆ ಏಜೆನ್ಸಿ ನಿಮ್ಮನ್ನೇ ಹಿಡ್ಕೊಂಡಿದೆ ನೋಡಿ.” ಅವಳಿಗೆ ನಗು ತಡೆಯಲಾಗಲಿಲ್ಲ. “ಹೋಗ್ಲಿ ಬಿಡಿ, ಒಳ್ಳೆ ಸುದ್ದಿ ಕೇಳಿ. ನಿಮ್ಮ ಮೇಡಂ ಜಾಣೆ. ತಡೆಹಿಡಿದಿದ್ದು ನೋಡಿ ಸೀದಾ ಕಂಪನಿಗೇ ಬರೆದಿದ್ರು. ಅದು ನನ್ನ ಫೋನಿಗೇ ಬಂತು. ಮಧ್ಯಾಹ್ನ ಓನರ್ ಗತ್ತಲ್ಲೇ ಮಾತಾಡಿ, ಹಾಡು ಧಾರಾಳವಾಗಿ ಹಾಕ್ಕೊಳ್ಳಿ, ನಮ್ಮ ತಕರಾರೇನೂ ಇಲ್ಲ ಅಂದೆ. ಅವರು ಹಾಡನ್ನ ಸಿನಿಮಾಗೆ ಸೇರ್ಸೂ ಆಯ್ತು. ಅದನ್ನೇ ಹೇಳೋಕೆ ಫೋನ್ ಮಾಡಿದ್ದು!”

ಗಾಯಕ ಜೇಬಿನಿಂದ ಫೋನು ತೆಗೆದು, ಓದದೆ ಬಿಟ್ಟಿದ್ದ ಎರಡು ಸಾಲುಗಳನ್ನು ಓದಿದ. ‘ಸದರಿ ಕಂಪನಿ ಬಿಡುಗಡೆ ಮಾಡಿದ ಹಾಡನ್ನು ಎಲ್ಲ ಕಡೆಯಿಂದಲೂ ತೆಗೆದುಹಾಕಲಾಗಿದೆ. ನಿಜವಾದ ಒಡೆಯರು ಯಾರೆಂದು ತೀರ್ಮಾನವಾಗುವವರೆಗೆ ಯಾರೂ ಬಳಸುವಂತಿಲ್ಲ.’ ಹೆಂಡತಿಯೂ ಅವನ ಭುಜದ ಮೇಲಿಂದ ಬಗ್ಗಿ ಓದಿದಳು. ಅವಳ ನಗು ಅಲ್ಲೇ ನಿಂತಿತು.

ಅಷ್ಟರಲ್ಲಿ ಫೋನು ಬೆಳಗಿತು. ಮೇಡಂ. ರಿಂಗು ಕೇಳಿ ಅಡುಗೆಮನೆಗೆ ನುಗ್ಗಿದ ಭಾವಮೈದ ಫೋನನ್ನು ಕಸಿದುಕೊಂಡು ನಡುಮನೆಗೆ ಓಡಿದ. “ಮೇಡಂ ಫೋನು! ಎಲ್ರೂ ಕೇಳ್ಸಿಕೊಳ್ಳಿ!” ಎಂದು ಸ್ಪೀಕರಿಗೆ ಹಾಕಿದ. ಮನೆ ತುಂಬ ಜನ ಫೋನಿನ ಸುತ್ತ ಸರಿದರು.

“ನಿಮಗೆ ಕಂಗ್ರಾಜುಲೇಷನ್ಸ್ ಹೇಳೋಕೆ ಮಾಡ್ದೆ,” ಎಂದಿತು ಮೇಡಂ ದನಿ. “ಆ ಮೂರು ಕೊಕ್ಕರೆ ಕಂಪನಿ ವಂಚಕರದ್ದಂತೆ, ನೀವೇ ಹಿಡಿದುಕೊಟ್ರಂತೆ, ನಿಮ್ಮ ಲಿಂಕಲ್ಲೇ ಹಾಕಿದಾರೆ, ಈಗ ನೋಡ್ದೆ. ಮಧ್ಯಾಹ್ನ ಆ ಹೆಂಗಸಿನ ಹತ್ರ ಮಾತಾಡಿದ್ದೆ ಕಣ್ರಿ. ಎಷ್ಟು ಒಳ್ಳೆಯವರ ಥರ ಮಾತಾಡಿದ್ಲು ಅಂತೀರಿ! ನಾನಂತೂ ನಂಬಿಬಿಟ್ಟಿದ್ದೆ. ಹಾಡನ್ನ ಸೇರ್ಸಿಯೂ ಆಗಿತ್ತು. ಸದ್ಯ, ಟೈಮಿಗೆ ಸರಿಯಾಗಿ ತೆಗೆದು ಹಾಕ್ದೆ.”

“ಮೇಡಂ, ಆ ಹಾಡು...” ಎಂದ ಗಾಯಕ ಅಡುಗೆಮನೆಯ ಬಾಗಿಲಿನಿಂದ.

“ಬೇಜಾರು ಮಾಡ್ಕೋಬೇಡಿ. ಆ ಜಾಗಕ್ಕೆ ಬರೀ ಗಾಳಿ ಸದ್ದು ಹಾಕಿದೀನಿ, ಚೆನ್ನಾಗೇ ಬಂದಿದೆ. ಈಗ್ತಾನೆ ಸಿನಿಮಾ ಕಳಿಸ್ದೆ. ನೀವು ಕಳ್ಳರ ಕೈಯಿಂದ ಪಾರಾದ್ರಲ್ಲ, ಅದು ಮುಖ್ಯ. ಇನ್ನೊಂದು ಹಾಡು ಮಾಡಿದಾಗ ಹೇಳಿ.”

ಫೋನು ನಿಂತಿತು. ಯಜಮಾನರು ಗಾಯಕನ ಬೆನ್ನು ತಟ್ಟಿದರು. “ಹಾಡು ಹೋದ್ರೆ ಹೋಗ್ಲಿ, ಮಾನ ಉಳೀತು. ಗೋಡೌನ್ ಇದ್ದೇ ಇದೆ, ಇನ್ನೊಂದು ಹಾಡ್ಕೋ.” ಹಾಸಿಗೆಯ ದಾಸ್ತಾನು ಬಂದು ಗೋಡೌನು ತುಂಬಿದ್ದಾಗಲೆಲ್ಲ ಅವನ ಹಾಡಿಗೆ ಗೊಣಗುತ್ತಿದ್ದ ಮನುಷ್ಯ ಇವರು. ಗಾಯಕನಿಗೆ ಅಳು ಬಂತು. ಮೂರು ವರ್ಷದ ಹಾಡು ಎಲ್ಲೂ ಇರಲಿಲ್ಲ, ಅದನ್ನು ಕದ್ದವರೂ ಇರಲಿಲ್ಲ. ನಿಜ ಹೇಳೋಣವೆಂದು ಬಾಯಿ ತೆರೆದ. ಹೆಂಡತಿ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು. ಬೀದಿಯೆಲ್ಲ ಸೇರಿ ಖದೀಮರೆಂದು ತೀರ್ಮಾನಿಸಿದವರ ಮನೆಯಲ್ಲೇ ಬೀದಿಯೆಲ್ಲ ಕುಳಿತಿರುವಾಗ ಏನೆಂದು ಹೇಳುವುದು?

“ಖಾತೆ ಮುಚ್ಚಿದ್ರೆ ಸಾಲದು,” ಎಂದು ಕೋರ್ಟು ಮಾವ ಎದ್ದು ನಿಂತರು. “ನಾಳೆಯಿಂದ ನಾವೇ ಹುಡುಕೋಣ. ಆ ಕೊಕ್ಕರೆಗಳು ಎಲ್ಲಿ ಅಡಗಿವೆಯೋ ಪತ್ತೆ ಹಚ್ಚೋವರೆಗೂ ನಾನು ಬಿಡೋನಲ್ಲ!”

ಎಲ್ಲರೂ ಹೋ ಎಂದರು. ಮಾವ ಚಪ್ಪಲಿ ಮೆಟ್ಟಲು ಹೋದವರು ಮೊಳೆಯ ಬಳಿ ನಿಂತು, ಕನ್ನಡಕ ತೆಗೆದು ಅಭ್ಯಾಸಬಲದಿಂದ ಅದೇ ಕೈಚೀಲದ ಅಂಚಿಗೆ ಒರೆಸಿಕೊಂಡರು. ಒರೆಸಿ, ಹಾಕಿಕೊಂಡು, ಬಗ್ಗಿದರು. ಅಕ್ಕಿ ಚೀಲ ಒಗೆದು ಹೊಲಿದ ಚೀಲ ಅದು. ಅಕ್ಷರಗಳೆಲ್ಲ ಅಳಿಸಿಹೋಗಿ ಚಿತ್ರವಷ್ಟೇ ಉಳಿದಿತ್ತು.

“ಏನಯ್ಯಾ ಗಾಯಕ, ಇದ್ಯಾವ ಹಕ್ಕಿ?”

“ಬಾತುಕೋಳಿ, ಮಾವ,” ಎಂದ ಗಾಯಕ.

“ಕಾಲು ಇಷ್ಟುದ್ದ ಇದೆಯಲ್ಲೋ?”

“ದೊಡ್ಡ ಬಾತುಕೋಳಿ,” ಎಂದು ಹೇಳಿ, ಗಾಯಕ ಚೀಲವನ್ನು ಮೊಳೆಯಿಂದ ತೆಗೆದು ಒಳಮುಖ ಮಾಡಿ ಮತ್ತೆ ನೇತುಹಾಕಿದ.